ಸನ್ನೆ ನಂಬರ್ ಹದಿನೇಳು

ಉಗುರಿನಗಲ ಇತ್ತು. ಚಿಪ್ ಅಂದರು.
ನನ್ನ ಏಳನೇ ಕ್ಲಾಸಿನ ಕನ್ನಡಕ್ಕೆ
ಚಿಪ್ಪು ಅಂತ ಕೇಳಿಸಿತು.
ಮುತ್ತಿನ ಕಡಲಿನ ಊರಲ್ಲವೆ ಮನಾಮ,
ಇರಬಹುದು ಅಂದುಕೊಂಡೆ.

ಆರನೇ ಮಾಳಿಗೆಯ ಕಸ ನನ್ನದು.
ಕಾಫಿಯ ಕಪ್ಪು, ವೈರಿನ ತುಂಡು,
ಎಸಿಯ ಕೆಳಗಿನ ಬಕೆಟ್ಟು.
ಮೇಜಿನ ಮೇಲಿನದಕ್ಕೆ ಬಟ್ಟೆ ತಾಗಿಸಬೇಡ ಅಂದಿದ್ದರು.
ತಾಗಿಸದೆ ಒರೆಸುವುದು ಹೇಗೆ ಅಂತ
ನಿಂತವಳ ಬೆರಳು ತನ್ನಷ್ಟಕ್ಕೇ ಶುರುವಿಟ್ಟಿತು.
ಹೆಬ್ಬೆರಳು ತೋರುಬೆರಳ ಮೇಲೆ
ಮುಂದೆ, ಮುಂದೆ, ಚೂರು ಹಿಂದೆ.
ದೀಪ ಹೆಚ್ಚಾಯಿತು, ಕಮ್ಮಿಯಾಯಿತು,
ಗೋಡೆಯೊಳಗಿಂದ ಯಾವನೋ ಹಾಡುಗಾರ
ಕಿರುಚಿ ಸುಮ್ಮನಾದ.

ಇಂಜಿನಿಯರು ಘಸ್ಸಾನ್ ಓಡಿ ಬಂದ.
ಬೈಯಲಿಲ್ಲ. ಇನ್ನೊಂದು ಸಲ, ಅಂದ.

ಅವನ ಅರೆಬರೆ ಹಿಂದಿಯಲ್ಲಿ ನನಗೆ ದಕ್ಕಿದ್ದಿಷ್ಟು:
ಹಡಗಿನ ಮೇಲೆ ರೇಡಾರ್ ಇರುತ್ತದಲ್ಲ, ಅದರ ಮರಿ ಇದು.
ಕಣ್ಣಿಲ್ಲ. ಅಲೆ ಬಿಡುತ್ತದೆ,
ಕೈಗೆ ಬಡಿದು ಮರಳಿದ್ದನ್ನು ಓದುತ್ತದೆ.
ಮದರಂಗಿ ಕಾಣದು. ಬುರ್ಖಾದ ತೋಳು
ಅದರ ಪಾಲಿಗೆ ಬರೀ ಗಾಳಿ.
ಯಾರ ಕೈ ಅಂತ ಕೇಳುವುದಿಲ್ಲ,
ಎತ್ತ ಹೋಯಿತು, ಎಷ್ಟು ಬೇಗ, ಅಷ್ಟೆ.
ಸುಮ್ಮನಿರುವ ಕೈ
ಅದಕ್ಕೆ ಇಲ್ಲದ ಕೈ.

ಸುಮ್ಮನಿರುವ ಕೈಯನ್ನು
ಪಾಣೆಮಂಗಳೂರಿನ ನಮ್ಮ ಮನೆಯಲ್ಲೂ ಯಾರೂ ಕಂಡವರಿಲ್ಲ.
ಜಗಳ, ನಗು, ಸಾವಿನ ಸುದ್ದಿ,
ಎಲ್ಲವೂ ಮಡಿಲ ಗೆರಸೆಯ ಆಚೆಗೇ ನಡೆಯುತ್ತಿದ್ದವು.
ಹೆಣ್ಣು ನೋಡಲು ಬಂದವರು ಮುಖ ನೋಡುವ ಮೊದಲು
ದಿನಕ್ಕೆ ಎಷ್ಟು ಕಟ್ಟುತ್ತಾಳೆ ಅಂತ ಕೇಳಿದ್ದರು.
ಸಾವಿರದ ಇನ್ನೂರು, ಅಂದಳು ಉಮ್ಮ,
ಇನ್ನೂರನ್ನು ಅಲ್ಲಿಯೇ ಸುತ್ತಿ ಸೇರಿಸಿ.

ಅವನ ಪಟ್ಟಿಯಲ್ಲಿ ಉಳಿದವಕ್ಕೆಲ್ಲ ಹೆಸರಿತ್ತು,
ಒತ್ತುವುದು, ಸರಿಸುವುದು, ತಿರುಗಿಸುವುದು.
ನನ್ನದಕ್ಕೆ ನಂಬರು ಹದಿನೇಳು.
ಬೀಡಿ, ಅಂದೆ. ತಿಳಿಯಲಿಲ್ಲ.
ಸೇದುವುದು, ಅಂತ ತೋರಿಸಿದೆ.
ಶೀಶಾ! ಅಂತ ನಕ್ಕ. ಹಾಗೇ ಇರಲಿ ಅಂತ ಬಿಟ್ಟೆ.

ಐನೂರು ಸಲ ಬೇಕಂತೆ.
ಐನೂರೆಂದರೆ ಇಪ್ಪತ್ತು ಕಟ್ಟು.
ಎಣಿಸುವುದು ನಾನಲ್ಲ, ಬೆರಳು.
ಎಲೆ ಹಿಡಿದು, ಸೊಪ್ಪು ಉದುರಿಸಿ, ಉರುಳಿಸಿ,
ತುದಿ ಮಡಿಚಿ, ನೂಲು—
ನೂಲು ಬಂದಾಗ ಅದಕ್ಕೆ ಗಲಿಬಿಲಿ,
ತೆರೆಯ ಮೇಲಿನ ಹಸಿರು ಗೆರೆ ಗೋಜಲು.
ನೂಲು ಬೇಡ, ಅಂದ. ಬಿಟ್ಟೆ.
ಬಿಚ್ಚಿಹೋಗುವ ಬೀಡಿಗಳನ್ನೇ
ಸುತ್ತುತ್ತ ಹೋದೆ ಗಾಳಿಯಲ್ಲಿ.

ಆಯಿತು, ಅಂತ ನಾನು ನಿಲ್ಲಿಸಿದಾಗ
ಅವನ ಲ್ಯಾಪ್‌ಟಾಪಿನಲ್ಲೂ ಐನೂರೇ.
ಹನ್ನೊಂದನ್ನು ಮಾತ್ರ ಅದು ಒಪ್ಪಲಿಲ್ಲ.
ಪರವಾಗಿಲ್ಲ, ಚಿಪ್ಪೇ, ನೀನು ದಯಾವಂತ.
ಬ್ರಾಂಚಿನ ಶೀನಣ್ಣನಾಗಿದ್ದರೆ
ಅರವತ್ತನ್ನಾದರೂ ಚಾಟು ಅಂತ ಬದಿಗೆ ತಳ್ಳಿ
ಹತ್ತನ್ನು ನನ್ನೆದುರೇ ಮುರಿದು
ಐವತ್ತನ್ನು ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದ.

ಕೈಯನ್ನು ಮಡಿಲಲ್ಲಿಟ್ಟು ಕೂತೆ.
ಆಗಲೂ ತೆರೆಯ ಮೇಲೆ ಏನೋ
ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.
ಏನದು?
ನಿನ್ನ ಉಸಿರು, ಅಂದ ಘಸ್ಸಾನ್.
ಬೇಡದ್ದು. ಆಮೇಲೆ ಸೋಸಿ ತೆಗೆಯುತ್ತೇವೆ.

ಹದಿನೈದು ದಿನಾರು, ಒಂದು ಕಾಗದ.
ಈ ಚಲನೆ ಇನ್ನು ಕಂಪನಿಯದು ಅಂತ ಬರೆದಿದೆ,
ಫಿಲಿಪೀನಿನ ಲೋರ್ನಾ ಓದಿ ಹೇಳಿದಳು.
ಕನ್ನಡದಲ್ಲೇ ರುಜು ಹಾಕಿದೆ, ಮಿಸ್ರಿಯಾ,
ಸ-ಗೆ ರ ಒತ್ತು ತಪ್ಪದಂತೆ ಜಾಗ್ರತೆಯಿಂದ.

ಗುದೈಬಿಯಾದ ಬಸ್ಸು. ಕಿಟಕಿಯಾಚೆ ಧೂಳಿನ ಸಂಜೆ.
ಬೆರಳು ಮತ್ತೆ ಶುರು.
ತಟ್ಟನೆ ಮುಷ್ಟಿ ಕಟ್ಟಿದೆ,
ಅಂಗಡಿಯಿಂದ ಏನೋ ಎತ್ತಿಕೊಂಡು ಬಂದವಳ ಹಾಗೆ.
ಎರಡು ಸ್ಟಾಪು ಕಳೆಯಿತು.

ಆಮೇಲೆ ಬುರ್ಖಾದ ತೋಳಿನೊಳಗೆ
ಒಂದನ್ನು ಸುತ್ತಿದೆ, ನೂಲಿನ ಸಮೇತ,
ಎರಡು ಸುತ್ತು, ಬಿಗಿಯಾಗಿ.
ಬಸ್ಸಿನಲ್ಲಿ ಯಾವ ದೀಪವೂ
ಅಲುಗಲಿಲ್ಲ.