ತಲೆಲೆಕ್ಕ

ಪರವಾನಗಿ ಬಂದ ಸಂಜೆ ಬಾಗಿಲ ಹೊರಗೆ
ಅಂಗೈಯಗಲದ ಫಲಕ ಹೊಡೆಸಿದೆ.
ಬಲಕ್ಕೆ ಅರಬಿ, ಎಡಕ್ಕೆ ಇಂಗ್ಲಿಷು, ನಡುವೆ ಒಂದು ಅಂಕಿ: ನಾಲ್ಕು.
ಕೆಳಗೆ ಇರುವೆಯಕ್ಷರದಲ್ಲಿ,
ಉಸ್ತುವಾರಿ: ಫ್ಲೇವಿಯಾ ಕ್ರಾಸ್ತಾ.
ಮತ್ರಾದಲ್ಲಿ ಹದಿನೆಂಟು ವರ್ಷ ಕಳೆದು
ಗೋಡೆಯ ಮೇಲೆ ನನ್ನ ಹೆಸರು ಇದೇ ಮೊದಲು.

ನಾಲ್ಕು ತಲೆ. ಐದನೆಯದು ಮಲಗಿದರೆ ದಂಡ.
ಮನೆಯೊಡತಿ ಸಲ್ಮಾ ಅದನ್ನು ಎರಡು ಸಲ ಓದಿದಳು,
ಎರಡನೆಯ ಸಲ ನಿಧಾನಕ್ಕೆ.

ಎಷ್ಟು ಅಲೆದೆ ಆ ಫಲಕಕ್ಕೆ!
ಬಲದಿಯಾದ ಎರಡನೇ ಮಹಡಿ, ಟೋಕನ್ ನೂರ ಹದಿನೇಳು,
ಬಾಡಿಗೆ ಕರಾರು, ಒಡತಿಯ ಒಪ್ಪಿಗೆ,
ನೆರೆಯವರ ತಕರಾರಿಲ್ಲವೆಂಬ ಸಹಿ.
ಪಕ್ಕದ ಮನೆಯ ಮುದುಕ ಪೆನ್ನು ಹಿಡಿದೇ ಕೇಳಿದ:
"ಗಟ್ಟಿಯಾಗಿ ನಗುವವರು ಬರುತ್ತಾರೋ?"
ಇಲ್ಲ ಎಂದೆ.
ಅವನ ಮುಖ ಕೊಂಚ ಸಪ್ಪೆಯಾಯಿತು.

ತಪಾಸಣೆಗೆ ಬಂದ ಹಿಲಾಲ್ ಸಾಹೇಬ
ಟೇಪು ಬಿಚ್ಚಿ ಮಂಚ ಅಳೆದ,
ಸೋಫಾ ಎಳೆದು ಅಗಲಿಸಿ ಇದೂ ಮಂಚವೇ ಎಂದ,
ಕೆಂಪು ಸಿಲಿಂಡರಿನ ತಾರೀಖು ನೋಡಿದ,
ಹೊಗೆ ಮೂಸುವ ಬಿಳಿ ಡಬ್ಬಿಯ ಕೆಳಗೆ
ಕಾಗದದ ಚೂರು ಸುಟ್ಟ. ಅದು ಕೂಗಿತು.
ಅವನಿಗೆ ಸಂತೋಷ. ನನಗೂ.
ಚಾ ಬೇಡವೆಂದ. ಒಂದೇ ಒಂದು ಖರ್ಜೂರ ತಿಂದು
ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ.

ಮೊದಲು ಬಂದವರು ಸಲಾಲಾದ ಕಡೆಯವರು.
ಮುಸಲ್ಲಮ್, ತುಂಬುಬಸುರಿ ತುಫೂಲ್,
ಅವನ ತಾಯಿ ಬಖೀತಾ, ಐದು ವರ್ಷದ ಹುಡುಗಿ.
ಹೆಸರು ಕೇಳಿದರೆ ದಿನಕ್ಕೊಂದು ಹೇಳುವಳು.
ಇಲ್ಲಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನನ್ನು ನಂಬಿ
ಸಾವಿರ ಕಿಲೋಮೀಟರು ಮರಳು ದಾಟಿದ್ದರು.
ಹದಿನಾಲ್ಕು ರಾತ್ರಿ.
ಕಾರ್ಡು ನೋಡಿ ನಾಲ್ಕು ಹೆಸರು ಫೋನಿನಲ್ಲಿ ತುಂಬಿದೆ.
ಬಂದ ಉದ್ದೇಶ: ಪ್ರವಾಸ, ವ್ಯಾಪಾರ, ಇತರೆ.
ಇತರೆ ಒತ್ತಿದೆ.

ಹನ್ನೊಂದನೆಯ ದಿನ ಟವೆಲು ಬದಲಿಸಲು ಹೋದೆ.
ಬಾಗಿಲು ತೆರೆದೊಡನೆ ತಲೆ ಎಣಿಸುವುದು
ಈಗ ನನಗೊಂದು ರೋಗ:
ಒಂದು, ಎರಡು, ಮೂರು, ನಾಲ್ಕು,
ಮತ್ತೆ ಸೋಫಾದ ಮೇಲೆ,
ನಾನೇ ಇಸ್ತ್ರಿ ಮಾಡಿಟ್ಟ ದಿಂಬಿನ ಚೀಲದೊಳಗೆ ಸುತ್ತಿಕೊಂಡು
ಐದು.
ಮುಷ್ಟಿಯಷ್ಟು ಮುಖ.
ನನ್ನ ಮೇಲೆಯೇ ದೂರು ಕೊಡುವಂತೆ ಗಂಟಿಕ್ಕಿದ ಹುಬ್ಬು.

ಬಖೀತಾ ಕೆಂಡದ ಮೇಲೆ ಲೋಬಾನ ಉದುರಿಸಿದಳು.
ಬಾಣಂತಿಗೆ ಹೊಗೆ ನಮ್ಮ ಬಜ್ಪೆಯಲ್ಲೂ ಹಾಕುತ್ತಾರೆ,
ಆದರೆ ಅಲ್ಲಿ ಮಾಡು ಕಿರುಚುವುದಿಲ್ಲ.
ಡಬ್ಬಿ ಕೂಗಿತು. ಅದಕ್ಕಿಂತ ಜೋರಾಗಿ ಐದನೆಯದು.
ನಾನು ಸ್ಟೂಲು ಹತ್ತಿ ಟವೆಲು ಬೀಸುತ್ತಿದ್ದೆ,
ಮುದುಕ ಕೋಲೂರಿಕೊಂಡು ಬಾಗಿಲಲ್ಲಿ.
ನಗುವವರ ಬಗ್ಗೆ ಮಾತಾಗಿತ್ತು,
ಅಳುವವರ ಬಗ್ಗೆ ಅವನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.
ಒಳಗೆ ಬಂದು ಕೂತ. ಸಂಜೆಯವರೆಗೆ ಏಳಲಿಲ್ಲ.

ರಾತ್ರಿ ಫೋನು ಹಿಡಿದು ಕೂತೆ.
ಐದನೆಯ ಅತಿಥಿ. ಹೆಸರು: ಇನ್ನೂ ಇಟ್ಟಿಲ್ಲ.
ಕಾರ್ಡಿನ ಸಂಖ್ಯೆ: ಇಲ್ಲ.
ಎಲ್ಲಿಂದ ಬಂದರು?
ಬೆರಳು ಅಲ್ಲೇ ನಿಂತಿತು.
ಖಾಲಿ ಬಿಟ್ಟರೆ ಕೆಂಪು ನಕ್ಷತ್ರ, ಮುಂದಕ್ಕೆ ಬಿಡದು.

ಹೆದರುತ್ತ ಹಿಲಾಲನಿಗೆ ಫೋನು ಮಾಡಿದೆ.
ಆ ಕಡೆ ಹಾಳೆ ಮಗುಚುವ ಸದ್ದು, ಬಹಳ ಹೊತ್ತು.
"ಹಲ್ಲು ಬಂದಿದೆಯೋ?"
ಇಲ್ಲ.
"ಮಲಗುವುದೆಲ್ಲಿ?"
ಅಜ್ಜಿ ಕಾಲು ಚಾಚಿ ಕೂತಿದ್ದಾಳೆ ಸಾಹೇಬ, ಆ ಕಾಲ ಮೇಲೆ.
ಮತ್ತೆ ಹಾಳೆ.
"ಅಜ್ಜಿಯ ಕಾಲಿಗೆ ನಮ್ಮಲ್ಲಿ ಪರವಾನಗಿ ಕೊಡುವುದಿಲ್ಲ,"
ಎಂದವನೇ ಫೋನಿಟ್ಟ.

ಹದಿನೈದನೆಯ ಬೆಳಗ್ಗೆ ಗಾಡಿ ಹೊರಟಿತು.
ಬಂದರಿನ ತಿರುವಿನವರೆಗೂ ಹುಡುಗಿ ಕೈ ಹೊರಗೆ ಚಾಚಿದ್ದಳು.
ಮೇಲೆ ಬಂದು ಪುಸ್ತಕ ಬಿಚ್ಚಿದೆ.
ಬಂದವರು ನಾಲ್ಕು, ಹೋದವರು ನಾಲ್ಕು.
ಲೆಕ್ಕ ತಾಳೆಯಾಯಿತು.
ದಿಂಬಿನ ಚೀಲ ಮಾತ್ರ
ಒಂದು ಕಡಿಮೆ.