ಜೇನಿಗೆ ಸುದ್ದಿ ಮುಟ್ಟಿಸುವುದು

ಮನೆಯಲ್ಲಿ ಯಾರು ಸತ್ತರೂ ಮೊದಲು ಜೇನಿಗೆ ಹೇಳಬೇಕು.
ಅಮ್ಮ ಕಲಿಸಿದ್ದು: ಬಾಗಿಲ ಬೀಗದ ಕೈಯಿಂದ
ಹುಲ್ಲಿನ ಬುಟ್ಟಿಗೂಡಿಗೆ ಮೂರು ಸಲ ತಟ್ಟು,
ಮೆಲ್ಲಗೆ, ಮಲಗಿದವರ ಭುಜ ಮುಟ್ಟುವ ಹಾಗೆ.
ಹೇಳದಿದ್ದರೆ ಮುನಿಸಿಕೊಂಡು ಎದ್ದುಹೋಗುತ್ತವೆ.

ಗಂಡ ಹೋದಾಗ ಹೇಳಿದೆ. ಅದೇನು ಕಷ್ಟವಲ್ಲ.
ದೊರೆ ಹೋದರೆ ಹೇಗೆ ಹೇಳುವುದು?
ಸಫೋಕಿನ ಈ ಕೆಸರುದಾರಿಗೆ ಸುದ್ದಿ ಬರುವುದು
ಮೀನಿನ ಗಾಡಿಯಲ್ಲಿ, ಉಪ್ಪು ಹಾಕಿಸಿಕೊಂಡು.
‘ಮುದಿದೊರೆ ತೀರಿಕೊಂಡ. ಹಾಲುಹಲ್ಲಿನ ಮಗನಿಗೆ ಪಟ್ಟ’
ಎಂದ ಗಾಡಿಯ ಬಾರ್ನಬಿ, ಹೆರಿಂಗ್ ಎಣಿಸುತ್ತಲೇ.
ತಟ್ಟಿದೆ. ಮಾಗಿಯ ಚಳಿ.
ಒಳಗೊಂದು ಗುಂಯ್. ಅಷ್ಟೇ.

ಮರುವರ್ಷ ಮೂವರು ಬಂದರು, ಏಣಿ ಹೊತ್ತು.
ಅವರಲ್ಲೊಬ್ಬ ಮೂಗು ಸೋರುವ ಹುಡುಗ,
ಸೀನುತ್ತಲೇ ಸಂತ ಆಂಬ್ರೋಸನ ತಲೆಗೆ ಸುತ್ತಿಗೆ ಕೊಟ್ಟ.
ಗೋಡೆಯ ಮೇಲಿದ್ದ ಸ್ವರ್ಗಕ್ಕೂ ನರಕಕ್ಕೂ
ಒಂದೇ ಬಕೆಟ್ಟಿನ ಸುಣ್ಣ.
ಇನ್ನು ದೀಪ ಹಚ್ಚಬೇಡಿ, ಸತ್ತವರಿಗಾಗಿ ಬೇಡಬೇಡಿ,
ಅವರಿರುವ ಕಡೆಗೆ ನಿಮ್ಮ ಮಾತು ಮುಟ್ಟುವುದಿಲ್ಲ, ಎಂದರು.
ಹಾಗಾದರೆ ಹನ್ನೊಂದು ದಿನ ಬದುಕಿದ ನನ್ನ ಎಲ್ಲಿನ್?
ಅವಳಿಗೆಂದು ವರುಷವರುಷ ಕರಗಿದ ಮೇಣ
ಯಾರ ಕತ್ತಲೆಗೆ ಹೋಯಿತು?
ಕೇಳಲಿಲ್ಲ. ಬಿದ್ದಿದ್ದ ಸಂತನ ಕೈಯೊಂದನ್ನು
ಏಪ್ರನ್ನಿನಲ್ಲಿ ಸುತ್ತಿ ತಂದು
ಕೊನೆಯ ಗೂಡಿನೊಳಗೆ ನಿಲ್ಲಿಸಿದೆ.

ಜೇನಿಗೇನು ಗೊತ್ತು ಕಾಯಿದೆ? ಮೇಣ ಸುರಿಸುತ್ತಲೇ ಇದ್ದವು.
ಬೆಳಕಿಗೆ ಬೇಡವಾದದ್ದು ಮೊಹರಿಗೆ ಬೇಕಾಯಿತು.
ಪಟ್ಟಣದ ಗುಮಾಸ್ತ ಕೊಂಡ, ಪೌಂಡಿಗೆ ಆರು ಪೆನ್ನಿ;
ಅದಕ್ಕೆ ಮರದ ಅಂಟು ಬೆರೆಸಿ, ಸಿಂಧೂರ ಕದಡಿ
ಕಾಗದಕ್ಕೆ ನಾಲಗೆ ಬರಿಸುತ್ತಾರಂತೆ.
ಹೊಟ್ಟೆ ಕೇಳುತ್ತದೆಯೇ? ಮಾರಿದೆ.

ಹುಡುಗದೊರೆಯೂ ಕೆಮ್ಮಿ ಕೆಮ್ಮಿ ಹೋದ.
ಈಗ ರಾಣಿ. ಈಗ ಮತ್ತೆ ದೀಪ.
ಪಾದ್ರಿ ಕ್ರಿಸ್ಪಿನ್ ಕಟ್ಟಿಕೊಂಡಿದ್ದ ಹೆಂಡತಿಯನ್ನು
ತವರಿಗೆ ಅಟ್ಟಿ, ಹಳೆಯ ನಿಲುವಂಗಿಯ ನುಸಿ ಕೊಡವಿದ.
ಹೆಂಗಸು ಆಳುವುದುಂಟೇ, ಜೇನುಗೂಡಲ್ಲೂ
ಇರುವವನು ರಾಜನಲ್ಲವೇ, ಎಂದು ಹೆಂಡದಂಗಡಿಯಲ್ಲಿ ಗಂಡಸರು.
ಸತ್ತ ಒಬ್ಬ ‘ರಾಜ’ನ ಹೊಟ್ಟೆಯನ್ನು
ಸೂಜಿಯಿಂದ ಬಿಡಿಸಿ ನೋಡಿದ್ದೇನೆ ನಾನು.
ತುಂಬಾ ಮೊಟ್ಟೆ.
ಬಾಯಿ ಬಿಡಲಿಲ್ಲ. ಇದಕ್ಕೂ ಸುಡುತ್ತಾರೋ ಏನೋ.

ನೇಕಾರ ವಿಮಾರ್ಕ್‌ನನ್ನು ಸುಟ್ಟರಲ್ಲ.
ನನ್ನ ಹತ್ತಿರ ಜೇನು ಕೊಂಡು, ದುಡ್ಡಿಲ್ಲದ ದಿನ
ಬೇಲಿಗೊರಗಿ ನಮ್ಮ ಮಾತಿನ ವೇದ ಓದುತ್ತಿದ್ದ;
ಅರ್ಧ ಅರ್ಥವಾಗುತ್ತಿತ್ತು, ದನಿ ಚೆನ್ನಾಗಿತ್ತು.
ರೊಟ್ಟಿ ರೊಟ್ಟಿಯೇ ಎಂದನಂತೆ. ಅಷ್ಟಕ್ಕೆ.
ಸಂತೆಕಟ್ಟೆಯಲ್ಲಿ ಆಜ್ಞೆ ಓದಿದರು.
ಕಾಗದದಡಿ ತೂಗುತ್ತಿತ್ತು ಕೆಂಪು ಮೊಹರು,
ನನ್ನ ಮೂಗಿಗೆ ಒಂದು ಗೇಣು.
ಅಕ್ಷರ ಬಾರದು ನನಗೆ. ಮೂಗು ಓದಿತು:
ಅಂಟಿನಡಿಯಲ್ಲಿ, ಸಿಂಧೂರದಡಿಯಲ್ಲಿ
ನನ್ನ ಹಿತ್ತಲ ಕ್ಲೋವರ್ ಹೂವು.

ಬೇರೆಯವರ ಮೇಣವೂ ಇದ್ದೀತು. ಈ ಸೀಮೆಯಲ್ಲಿ
ಕ್ಲೋವರ್ ಯಾರ ಹೊಲದಲ್ಲಿಲ್ಲ?
ಹಾಗೆಂದುಕೊಂಡು ಮೂರು ಚಳಿಗಾಲ ಮಲಗಿದೆ.

ಈಗ ಇನ್ನೊಬ್ಬ ರಾಣಿಯಂತೆ. ಮತ್ತೆ ಏಣಿ, ಮತ್ತೆ ಸುಣ್ಣ.
ಹಳೆಯ ಸುಣ್ಣದ ಮೇಲೆ ಹೊಸದು ಚೆನ್ನಾಗಿ ಹಿಡಿಯುತ್ತದೆ.
ಮೊನ್ನೆ ಕೊನೆಯ ಗೂಡು ಎತ್ತಿ ನೋಡಿದೆ.
ಸಂತನ ಬೆರಳುಗಳ ನಡುವೆ ಎರಿ ಕಟ್ಟಿವೆ;
ಹರಸಲು ಎತ್ತಿದ ಬೆರಳು ಯಾವುದು,
ಮಡಿಸಿದ್ದು ಯಾವುದು, ಗುರುತು ಸಿಗಲಿಲ್ಲ.
ಮುಚ್ಚಿಟ್ಟೆ.

ಬೀಗದ ಕೈ ಹಿಡಿದು ನಿಂತೆ.
ಸತ್ತವಳ ಹೆಸರು ಹೇಳಲಿಲ್ಲ, ಬಂದವಳದೂ.
ಮೂರು ಸಲ ತಟ್ಟಿ
‘ವಿಮಾರ್ಕ್ ಹೋದ’ ಎಂದೆ.
‘ನಮ್ಮ ಮನೆಯವನಲ್ಲ, ಅದಕ್ಕೇ ಆಗ ಹೇಳಲಿಲ್ಲ.’

ಒಂದು ಹೊರಗೆ ಬಂದು
ನನ್ನ ಹೆಬ್ಬೆರಳ ಮೇಲೆ ಕೂತು
ಬಹಳ ಹೊತ್ತು ಕಾಲು ಒರೆಸಿಕೊಂಡಿತು.