ಸಪ್ಪಳಿಲ್ಲದ ಹಾದಿ ಕೇಳಿದವರಿಗೆ

ಗಾಳಿ ಹೊಡಕೋತ ಹೇಳತೀನಿ, ಕೇಳ್ರಿ.
ಹಿಂದಿನ ಗಾಲಿ ಒಂದೀಟು ಮೆತ್ತಗ ಇರಲಿ,
ಮುಂದ ಮುರಮಿನ ದಾರಿ ಐತಿ.
ನಿಮ್ಮ ಫೋನಿನ ನಕಾಶಿ ಹೈವೇ ಹಿಡೀರಿ ಅಂತೈತಿ,
ಅದರ ಮಾತು ಬ್ಯಾಡ.
ಅಲ್ಲಿ ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲಿ ಕಟಗೊಂಡು
ಹಾಡು ಹಚಗೊಂಡು ಬರತಾವು,
ಸೈಕಲ್ಲಿನಾಂವ ಅವರ ಕಣ್ಣಿಗೆ ಬೀಳೂದಿಲ್ಲ.

ಸಲಗರಿ ದಾಟಿ ಕಾಲುವಿ ಏರಿ ಹಿಡೀರಿ.
ನೀರು ಬಿಟ್ಟಿದ್ರ ನಿಮ್ಮ ಸಂಗಾಟ ಬರತೈತಿ,
ಬಿಡದಿದ್ರ ತಳದಾಗ ಹುಡುಗರು ಕ್ರಿಕೆಟ್ ಆಡತಿರತಾರ,
ಚೆಂಡು ಮ್ಯಾಲ ಬಂದ್ರ ಒದ್ದು ಕೊಟ್ಟು ಹೋಗ್ರಿ.

ಕಿಲೋಮೀಟರಿನ ಕಲ್ಲು ಮರಾಠಿಯೊಳಗ ಅದಾವು.
ನಾನೂ ಲೆಕ್ಕ ಮಾಡೂದು ಮರಾಠಿಯೊಳಗ,
ಬೈಯೂದು ಕನ್ನಡದಾಗ.
ಏರು ಬಂತಂದ್ರ ಎರಡೂ ಬಾಯಿಂದ ಹೊಂಡೂದಿಲ್ಲ.

ಆಮ್ಯಾಲ ದ್ರಾಕ್ಷಿ ಸುರು.
ಎಡಕ್ಕ ತಂತಿ, ಬಲಕ್ಕ ತಂತಿ, ನಡುವ ನೀವೊಬ್ಬರ.
ಚಾಟಣಿ ಈಗಷ್ಟ ಮುಗದೈತಿ,
ಸೂಟಿ ಮುಗಿಸಿ ಸಾಲಿಗೆ ಬಂದ ಹುಡುಗರಂಗ
ಬೋಳು ತಲಿ ಬಳ್ಳಿ ಸಾಲಾಗಿ ನಿಂತಾವು.
ಕೊಯ್ದ ಕಡ್ಡಿ ತುದಿಗೆ ನೀರು ತೊಟ್ಟಿಕ್ಕತೈತಿ.
ಅಳಾಕತ್ತಾವು ಅಂತಾರ ನೋಡಾಕ ಬಂದ ಮಂದಿ.
ಅಳೂದಲ್ರೀ ಅದು,
ಕೆಳಗ ಬೇರಿಗೆ ಎಚ್ಚರ ಆಗೈತಿ ಅಂತ ಅರ್ಥ.
ಹನ್ನೊಂದು ವರ್ಷ ಕತ್ತರಿ ಹಿಡಿದಾಂವ ನಾನು,
ಯಾವ ಕಡ್ಡಿಗೆ ಎಷ್ಟು ಕಣ್ಣು ಬಿಡಬೇಕು
ಇವತ್ತಿಗೂ ಈ ಹೆಬ್ಬಟ್ಟಿಗೆ ಗೊತ್ತು.
ಮೊಣಕಾಲು ಒಂದ ಕೈ ಕೊಟ್ಟಿದ್ದು.

ಹಸಿರು ಬಲಿ ಹೊದ್ದ ಮಣುಕದ ಶೆಡ್ಡು ಬರತಾವು, ಈಗ ಖಾಲಿ.
ಮಾರ್ಚದಾಗ ಬಂದಿದ್ರ
ವಾಸನಿ ನಿಮ್ಮ ಹ್ಯಾಂಡಲ್ ಹಿಡಿದು ನಿಲ್ಲಸತಿತ್ತು.

ಅಲ್ಲಿಂದ ದಂಡೋಬಾ ಗುಡ್ಡ ಕಾಣತೈತಿ,
ಮೊದಲ ಮಲಗಿದ ಎಮ್ಮಿಯಂಗ,
ಹತ್ರ ಹೋದಂಗ ಎದ್ದು ನಿಲ್ಲತೈತಿ.
ಬುಡದ ದಾರಿ ಹಿಡೀರಿ, ಮ್ಯಾಲ ಹತ್ತಬ್ಯಾಡ್ರಿ.
ಜಾಲಿ ಮುಳ್ಳು ಅದಾವು. ಪಂಚರ್ ಆದ್ರ ನನಗ ಲಾಭ,
ಆದ್ರೂ ಹೇಳೂದು ಹೇಳಬೇಕು.

ಒಂದು ಏರು, ಒಂದು ಬೇವಿನ ಮರ, ಆಮ್ಯಾಲ ಇಳಕಲ.
ಈ ಇಳಕಲದ ಸಲುವಾಗಿನ ನಾ ಹೈವೇ ಬ್ಯಾಡ ಅಂದದ್ದು.

ಮಾಲನಬಿ ಕ್ಯಾರಿಯರ್ ಮ್ಯಾಲ ಕುಂತು ಕೆಲಸಕ್ಕ ಬರತಿದ್ಲು,
ತೊಡಿ ಮ್ಯಾಲ ಬುತ್ತಿ ಗಂಟು.
ಏರಿಗೆ ಇಳಿದು ಹಿಂದಿನಿಂದ ನೂಕತಿದ್ಲು,
ಬೇವಿನ ಮರದ ಹಂತ್ಯಾಕ ಮತ್ತ ಹತ್ತಿ
‘ಹೂಂ’ ಅಂತಿದ್ಲು, ಅಷ್ಟ.
ಬಿಟ್ಟರ ಬಿಟ್ಟಂಗ ಸೈಕಲ್ಲು.
ಅಕಿ ಸೆರಗು ನನ್ನ ಕಿವಿಗೆ ಪಟಪಟ ಬಡೀತಿತ್ತು.

ಒಂದ ದಿವಸ ಬ್ರೇಕ್ ಹಿಡಿದೆ.
ಎದುರಿಗೆ ಕುರಿ ಇರಲಿಲ್ಲ, ಗಾಡಿ ಇರಲಿಲ್ಲ.
ಅಂಜಿಕಿ ಬಂತು, ಯಾಕಂತ ಗೊತ್ತಿಲ್ಲ,
ಮನಷ್ಯಾಗ ಒಮ್ಮೊಮ್ಮೆ ಬರತೈತಿ.
ಅಕಿ ಇಳಿದ್ಲು. ಬೈಲಿಲ್ಲ.
ಬುತ್ತಿ ಬಗಲಾಗ ಇಟಗೊಂಡು
ತ್ವಾಟದ ತನಕ ನಡದ ಬಂದ್ಲು.
ಮರುವಾರ ಮಗಳ ಸಾಲಿ ಸೈಕಲ್ ತಗೊಂಡು
ಕಣದಾಗ ಬಿದ್ದು ಎದ್ದು ಕಲಿಯಾಕತ್ಲು.
ಆಗ ಅಕಿಗೆ ನಲವತ್ತೆರಡು.

ನಾ ಹಿಡದಿದ್ದ ಕತ್ತರಿ ಈಗ ಅಕಿ ಬುಟ್ಟಿಯೊಳಗ ಐತಿ.
ಸಾಲಿಗೆ ಇಷ್ಟು ಅಂತ ರೇಟು ತಾನ ಮಾತಾಡತಾಳ,
ಗ್ಯಾಂಗಿನ ಎಂಟು ಮಂದಿ ಅಕಿ ಮಾತು ಮೀರೂದಿಲ್ಲ.

ಇದ ಹೊತ್ತಿಗೆ ಹೊಂಟಿರತಾಳ.
ನೀಲಿ ಸೈಕಲ್ಲು, ಮಡ್‌ಗಾರ್ಡ್ ಇಲ್ಲ, ಗಂಟಿ ಇಲ್ಲ.
ಏರಿನ್ಯಾಗ ಸಿಕ್ಕರ ಸಿಗಬಹುದು,
ನಿಮಗ ಗೇರ್ ಅದಾವು, ಟೊಪಗಿ ಐತಿ, ತೊಡಿ ಗಟ್ಟಿ ಕಾಣತಾವು.
ಇಳಕಲದಾಗ ದಾಟಾಕ ಮಾತ್ರ ಹೋಗಬ್ಯಾಡ್ರಿ.
ಅಕಿ ಹಿಂದಿನ ಬ್ರೇಕಿನ ತಂತಿ
ಬಿಚ್ಚಿ ಮನಿಯಾಗ ಮಳಿಗೆ ಹಾಕ್ಯಾಳ,
ಅದರ ಮ್ಯಾಲ ನನ್ನ ಟಾವೆಲ್ ಒಣಗತೈತಿ.

ಆತು, ಗಾಳಿ ಸಾಕು.
ಐದು ರೂಪಾಯಿ.
ಚಿಲ್ಲರ ಇಲ್ಲಾಂದ್ರ ಬರುವಾಗ ಕೊಡ್ರಿ,
ಇದ ಹಾದಿಗೆ ಬರತೀರಿ,
ಹೋಗಾಕ ಬರಾಕ ಒಂದ ಐತಿ.